ಕೆಂಪು ಕ್ಲಿಪ್ಪು ಬಲಗೈಗೆ

ಮೈದಾನದಲ್ಲಿ ಎಲ್ಲರೂ ಅವಳನ್ನು ಪಟಾಕಿ ಎನ್ನುತ್ತಿದ್ದರು. ನಾನೂರು ಮೀಟರ್ ಓಟದಲ್ಲಿ ಅವಳ ಬೆನ್ನು ಬಿಟ್ಟು ಬೇರೇನನ್ನೂ ಯಾರೂ ಕಂಡವರಲ್ಲ. ಹೃದಯದ ಇಸಿಜಿ ತಪಾಸಣೆಯಲ್ಲಿ 'ದೋಷವಿರಬಹುದು' ಎಂದು ಬಂದ ದಿನ ಕೋಚ್ ಎಲ್ಲರೆದುರು ಹಲ್ಲು ಕಿರಿದ. "ಪಟಾಕಿ ಠುಸ್ ಆಯ್ತು ಬಿಡ್ರೋ!" ಅಲ್ಲಾ, ಹದಿನೇಳರ ಹುಡುಗಿಗೆ ಹೇಳುವ ಮಾತೇ ಅದು? ಮರುದಿನವೇ ಅವಳ ಜಾಗಕ್ಕೆ ತನ್ನ ಅಣ್ಣನ ಮಗಳನ್ನು ತಂದು ನಿಲ್ಲಿಸಿದ.

ದೊಡ್ಡ ಆಸ್ಪತ್ರೆಯಲ್ಲಿ ಸರದಿ ಸಿಗಲು ಎಂಟು ತಿಂಗಳು. ಅಷ್ಟೂ ದಿನ ಅವಳು ಮೆಟ್ಟಿಲು ಹತ್ತಿದರೆ ಅಮ್ಮ ಬೆನ್ನಿಗೇ ಬರುತ್ತಿದ್ದಳು. ಕಣ್ಣು ಮುಚ್ಚಿದರೆ ಮತ್ತೆ ತೆರೆಯುತ್ತೇನೋ ಇಲ್ಲವೋ ಎಂಬ ಭಯ ಹುಡುಗಿಗೆ. ಕೊನೆಗೆ ಅಲ್ಲಿನ ಡಾಕ್ಟರಮ್ಮ ಹಳೆಯ ಇಸಿಜಿ ಕಾಗದ ನೋಡಿ ಹಣೆ ಚಚ್ಚಿಕೊಂಡರು.

"ಕೆಂಪು ಕ್ಲಿಪ್ಪು ಬಲಗೈಗೆ, ಹಳದಿ ಎಡಗೈಗೆ ಹಾಕ್ಬೇಕು. ಅದಲು ಬದಲು ಮಾಡಿದ್ದಾರೆ ಕಣಮ್ಮ. ನೀನು ಗುಂಡುಕಲ್ಲಿನ ಹಾಗಿದ್ದೀಯ!"

ಪಟಾಕಿ ಅತ್ತಳು. ಆಮೇಲೆ ಹಲ್ಲು ಕಡಿದಳು.

ಶುಕ್ರವಾರ ಹೊಸ ವರದಿ ಹಿಡಿದು ಮೈದಾನದ ತಪಾಸಣೆಯ ಕೋಣೆಗೆ ಹೋದಳು. ಅಂದು ಕೋಚ್‌ಗಳ ಸರದಿ. ಮಂಚದ ಮೇಲೆ ಅಂಗಿ ಬಿಚ್ಚಿ ಮಲಗಿದ್ದವನು ಅವನೇ. ಅವಳಿಗೆ ಅಂದು ಕ್ಲಿಪ್ಪು ಹಾಕಿದ್ದ ಅದೇ ನರ್ಸು ಅವನ ಕಾಲ ಬಳಿ ನಿಂತು, ತನ್ನ ಬಲಗಡೆಯನ್ನೇ ಅವನ ಬಲಗಡೆಯೆಂದುಕೊಂಡು, ಕೆಂಪು ಕ್ಲಿಪ್ಪನ್ನು ಎಡಗೈಗೆ ಸಿಕ್ಕಿಸಿದಳು. ಪಟಾಕಿಯ ಮಾತು ನಾಲಿಗೆಯ ತುದಿಗೆ ಬಂತು. ಗುಳುಂ ಅಂತ ನುಂಗಿಕೊಂಡಳು.

ಕಾಗದ ನೋಡಿದ ನರ್ಸಿನ ಹುಬ್ಬು ಗಂಟಾಯಿತು. "ಸರ್, ಸೋಮವಾರ ಹೃದಯದ ಡಾಕ್ಟ್ರನ್ನ ಕಾಣ್ಲೇಬೇಕು ನೀವು."

ಹೊರಗಿನ ಬೆಂಚಿನ ಮೇಲೆ ಕೋಚ್ ಕುಸಿದ. ಆ ಗತ್ತು, ಆ ಮೀಸೆ ಎಲ್ಲ ಜೋತುಬಿದ್ದಿತ್ತು. ಕತ್ತಿನ ಮೇಲೆ ಎರಡು ಬೆರಳಿಟ್ಟು ಬಡಿತ ಎಣಿಸತೊಡಗಿದ.

"ನಿಂಗೂ ಹೀಗೇ ಆಗ್ತಿತ್ತೇನಮ್ಮಾ? ಕೈಯೆಲ್ಲ ತಣ್ಣಗೆ?"

ಆರು ವರ್ಷದಲ್ಲಿ ಮೊದಲ ಸಲ ಅವಳನ್ನು 'ಅಮ್ಮಾ' ಎಂದಿದ್ದ. ಒಂದೇ ಒಂದು ಮಾತು ಹೇಳಿದ್ದರೆ ಅವನಿಗೆ ಹೋದ ಜೀವ ಬಂದಂತಾಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ! ಹೇಳುವುದು ಸೋಮವಾರ, ಅವನು ಆ ಡಾಕ್ಟರ ಬಾಗಿಲಲ್ಲಿ ನಿಂತಾಗ ಎಂದು ಅಲ್ಲೇ ತೀರ್ಮಾನಿಸಿದಳು. ಎಷ್ಟು ಹಿತವಾಯಿತೆಂದರೆ, ನಗು ತಡೆಯಲು ಕೆನ್ನೆ ಕಚ್ಚಿಕೊಳ್ಳಬೇಕಾಯಿತು.

ಅವನ ಪಕ್ಕದಲ್ಲಿ ಕುಳಿತು ಮೆಲ್ಲಗೆ ಅಂದಳು, "ಆಗ್ತಿತ್ತು ಸರ್. ಮನೇಲಿ ಮಾತ್ರ ಈಗ್ಲೇ ಹೇಳ್ಬೇಡಿ. ಮಕ್ಕಳು ತಡ್ಕೊಳ್ಳಲ್ಲ."