ಚಕ್ರವಿಲ್ಲದ ರೈಲು

ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು ನನ್ನ ಕಸುಬು. ಈವರೆಗೆ ಸುತ್ತಿದ್ದನ್ನೆಲ್ಲ ಬಿಚ್ಚಿ ಎಳೆದರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಗಂಟು ಹಾಕಿ, ವಾಪಸು ಬಂದರೂ ಮಿಗುತ್ತದೆ. ಅಂಥವನು ಮೂರು ವರ್ಷದ ಮಗಳು ಗುಬ್ಬಿಗೆ ರೈಲು ಮಾಡಲು ಹೋಗಿ ಮೊದಲ ದಿನವೇ ಮುಗ್ಗರಿಸಿದೆ. ಕಸುಬಿನ ರೂಢಿ ನೋಡಿ, ಕರೆಂಟು ತಗುಲದಂತೆ ವಾರ್ನಿಷ್ ಬಳಿದ ತಂತಿಯಲ್ಲೇ ಸುರುಳಿ ಸುತ್ತಿದ್ದೆ, ರೈಲು ಮಿಸುಕಲಿಲ್ಲ. ಬೆತ್ತಲೆ ತಾಮ್ರದಲ್ಲಿ ಸುತ್ತಿದ ಮೇಲೆ ಅದರ ಓಟಕ್ಕೆ ಬಂದೂಕಿನ ಗುಂಡು ನಾಚಬೇಕು.

ರೈಲೆಂದರೆ ಇಷ್ಟೇ: ಒಂದು ಪೆನ್ಸಿಲ್ ಸೆಲ್ಲು, ಅದರ ಎರಡೂ ತುದಿಗೆ ಅಂಗಿಯ ಗುಂಡಿಯಂಥ ಮೂರು ಮೂರು ಅಯಸ್ಕಾಂತ. ಎರಡೂ ಕಡೆಯವು ಒಂದೇ ಧ್ರುವವನ್ನು ಸೆಲ್ಲಿನತ್ತ ತಿರುಗಿಸಿರಬೇಕು. ಸುರುಳಿಯೊಳಗೆ ತೂರಿಸಿದರೆ ಅಯಸ್ಕಾಂತಗಳು ತಂತಿಗೆ ತಗುಲಿ, ಅವುಗಳ ನಡುವಿನ ಸುತ್ತುಗಳಲ್ಲಷ್ಟೇ ಕರೆಂಟು ಹರಿಯುತ್ತದೆ. ಅಷ್ಟು ತುಂಡು ತಾನೂ ಅಯಸ್ಕಾಂತವಾಗಿ ಒಂದು ತುದಿಯನ್ನು ಎಳೆಯುತ್ತದೆ, ಇನ್ನೊಂದನ್ನು ದಬ್ಬುತ್ತದೆ. ರೈಲು ಸರಿದಂತೆ ಆ ತುಂಡೂ ಸರಿಯುತ್ತದೆ. ಅಯಸ್ಕಾಂತ ಒಂದು ಕಡಿಮೆಯಾದರೂ ಓಟ ಕುಗ್ಗುತ್ತದೆ.

ಸೋಮವಾರ ರೈಲು ಕುಂಟಿತು. ಬುಧವಾರ ತೆವಳಿತು. ಏನಾದರೂ ಉದುರಿದೆಯೋ ಏನೋ ನೋಡಿ ಎಂದಳು ಹೆಂಡತಿ. ನನ್ನ ಕೈಕೆಲಸದಲ್ಲಿ ಊನ ಹುಡುಕುವವರು ಏಳು ಜನ್ಮ ಎತ್ತಿ ಬರಬೇಕು ಎಂದೆ. ಸೆಲ್ಲು ಇಳಿದಿದೆ ಎಂದುಕೊಂಡು ಎರಡು ಸಲವೂ ಅಯಸ್ಕಾಂತಗಳನ್ನು ಗೊಂಚಲಾಗಿಯೇ ಕಿತ್ತು ಹೊಸ ಸೆಲ್ಲಿಗೆ ಅಂಟಿಸಿದೆ. ಎಣಿಸಲಿಲ್ಲ.

ಗುರುವಾರ ಗುಬ್ಬಿಗೆ ವಾಂತಿ ಶುರುವಾಯಿತು. ಹೊಟ್ಟೆ ಮುಟ್ಟಿದರೆ ಚೀರುತ್ತಿದ್ದಳು. ಎರಡು ದಿನ ಓಮದ ನೀರು ಕುಡಿಸಿದೆವು; ಇವಳ ವಯಸ್ಸಲ್ಲಿ ನಾನು ಕಲ್ಲು ತಿಂದು ಅರಗಿಸಿಕೊಂಡವನು ಎಂದು ಹೆಂಡತಿಯ ಬಾಯಿ ಮುಚ್ಚಿಸಿದೆ. ಶನಿವಾರ ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಎರಡು ಬಿಳಿ ಬಿಲ್ಲೆಗಳು ಒಂದರ ಪಕ್ಕ ಒಂದು ಕೂತಿದ್ದವು. ರೈಲಿನ ಅಯಸ್ಕಾಂತ ಎಂದು ನಾನೇ ಹೇಳಿದೆ.

"ಒಟ್ಟಿಗೆ ನುಂಗಿದ್ರೆ ಅಂಟಿಕೊಂಡೇ ಜಾರಿ ಹೊರಗೆ ಬರಬಹುದು, ಕಾಯೋಣ," ಎಂದರು ಡಾಕ್ಟರಮ್ಮ. "ಬೇರೆ ಬೇರೆ ಹೊತ್ತಲ್ಲಿ ನುಂಗಿದ್ರೆ ಎರಡರ ಮಧ್ಯೆ ಕರುಳು ಸಿಕ್ಕಿಕೊಂಡಿರುತ್ತೆ. ಇಷ್ಟೊತ್ತಿಗೆ ತೂತಾಗಿದ್ರೂ ಆಗಿರಬಹುದು. ಯಾವಾಗ ನುಂಗಿದ್ದು, ಗೊತ್ತಾ?"

ಒಟ್ಟಿಗೇ, ಒಟ್ಟಿಗೇ ಎಂದಳು ಹೆಂಡತಿ. ಅವಳು ಕಂಡಿರಲಿಲ್ಲ. ಹಾಗಿರಲಿ ಎಂಬ ಆಸೆ, ಅಷ್ಟೆ.

ನಾನೂ ಕಂಡಿರಲಿಲ್ಲ. ಆದರೆ ರೈಲು ಕುಂಟಿದ ದಿನ ಬೇರೆ, ತೆವಳಿದ ದಿನ ಬೇರೆ.

"ಸೋಮವಾರ ಒಂದು," ಎಂದೆ. "ಬುಧವಾರ ಇನ್ನೊಂದು."

ಡಾಕ್ಟರಮ್ಮ ಮತ್ತೆ ಕೇಳಲಿಲ್ಲ. ಆಪರೇಷನ್ನಿಗೆ ತಯಾರಿ ಮಾಡಲು ನರ್ಸಿಗೆ ಹೇಳಿ ಎದ್ದರು. ಉದ್ದನೆಯ ಗಾಡಿಯ ಅರ್ಧವನ್ನೂ ತುಂಬದ ಗುಬ್ಬಿಯನ್ನು ತಳ್ಳಿಕೊಂಡು ಹೊರಟರು. ಹೆಂಡತಿ ನನ್ನ ತೋಳು ಹಿಡಿದಳು.

"ರೀ, ಊರಿಗೆಲ್ಲ ಬುರುಡೆ ಬಿಡ್ತೀರಿ. ಇದೂ ಬುರುಡೆ ಅಂತ ಹೇಳ್ರೀ."

ಬಾಗಿಲು ಮುಚ್ಚಿಕೊಂಡಿತು. ಅವಳು ತೋಳು ಬಿಡಲಿಲ್ಲ.