ಸಡಿಲ ಕೈ

ಅಮ್ಮನಿಗೆ ನೀರು ಕುಡಿಸುತ್ತಿದ್ದಾಗ ಅತ್ತಿಗೆಯ ಕೈಯಿಂದ ಲೋಟ ಜಾರಿ ಬಿತ್ತು. ಅಮ್ಮನ ಎದೆ, ಹಾಸಿಗೆ ಎಲ್ಲಾ ಒದ್ದೆ. ಸೊಂಟ ಮುರಿದುಕೊಂಡು ಮಲಗಿದ ಮೇಲೆ ಅಮ್ಮ ಯಾರಿಗೂ ಏನೂ ಅನ್ನುವುದನ್ನು ಬಿಟ್ಟಿದ್ದಾಳೆ. ಅತ್ತಿಗೆ ಬಟ್ಟೆ ಬದಲಿಸಿ, ತನ್ನ ಕೈಯನ್ನು ಗೋಡೆಯ ಅಂಚಿಗೆ ತಿಕ್ಕತೊಡಗಿದಳು. ಜೋಮು ಹಿಡಿದಿದೆ, ಈಗ ಬಿಡುತ್ತದೆ ಎಂದಳು. ಆ ಜೋಮು ಹಿಡಿದು ತಿಂಗಳುಗಳಾಗಿದ್ದವು.

“ಯಾರ ಹತ್ರನೂ ಬಾಯಿ ಬಿಡಬೇಡ ಕಣೆ,” ಅಂದಳು. “ಮೇಡಂ ಕಿವಿಗೆ ಬಿದ್ರೆ ನಾವು ಬೀದಿಗೆ ಬೀಳ್ತೀವಿ.”

ಸುಳ್ಳಲ್ಲ. ನಾವಿದ್ದದ್ದು ಮೇಡಂ ಅವರ ಕಟ್ಟಡದ ಹಿಂದಿನ ಒಂದು ಕೋಣೆಯಲ್ಲಿ. ಹಿಂದೆ ಅಲ್ಲಿ ದಾರದ ಮೂಟೆ ಇಡುತ್ತಿದ್ದರಂತೆ. ಕಿಟಕಿ ಇಲ್ಲ. ಗೋಡೆ ಕೊಡವಿದರೆ ಈಗಲೂ ಉಣ್ಣೆಯ ನವಿರು ಉದುರುತ್ತದೆ, ಕೆಮ್ಮು ಬರುತ್ತದೆ. ಅಣ್ಣ ತೀರಿಕೊಂಡಾಗ ಮೇಡಂ ಅದನ್ನು ಅತ್ತಿಗೆಗೆ ಬಿಟ್ಟುಕೊಟ್ಟರು. ಅವಳು ನೆಲಮಾಳಿಗೆಯಲ್ಲಿ ಕೂತು ಕೊಕ್ಕೆ ಕಡ್ಡಿಯಿಂದ ಕ್ರೋಶಾ ಹೆಣಿಗೆ ಹಾಕುವಷ್ಟು ದಿನ ನಾವು ಮೂವರೂ ಅಲ್ಲಿರಬಹುದು, ಕೈ ನಿಂತ ದಿನ ಜಾಗ ಖಾಲಿ ಮಾಡಬೇಕು. ಈ ಮಾತನ್ನು ಅವರು ನಗುನಗುತ್ತಾ ಹೇಳಿದ್ದರು. ನಾವು ಕೈ ಮುಗಿದು ಬಂದಿದ್ದೆವು.

ಕಟ್ಟಡದ ಮೇಲಿನ ಮಹಡಿಯಲ್ಲಿ ಮೇಡಂ ಅವರ ಹವ್ಯಾಸದ ಕ್ಲಾಸು. ದೊಡ್ಡ ದೊಡ್ಡ ಗಾಜಿನ ಕಿಟಕಿ, ಸೋಫಾ, ಚಹಾ, ಬಿಸ್ಕತ್ತು. ಬಿಡುವಿರುವ ಹೆಂಗಸರು ಬಂದು ಸರಪಣಿ ಹಾಕುವುದು, ಹೂವು ಹಾಕುವುದು, ಲೋಟದ ಕೆಳಗಿಡುವ ಚಿಕ್ಕ ಚಕ್ರ ಹಾಕುವುದು ಕಲಿಯುತ್ತಾರೆ. ಕ್ರೋಶಾ ಹಾಕಿದರೆ ಮನಸ್ಸು ಹಗುರಾಗುತ್ತದೆ, ಒಳ್ಳೆಯ ನಿದ್ದೆ ಬರುತ್ತದೆ ಎಂದು ಮೇಡಂ ಹೇಳಿಕೊಡುತ್ತಾರೆ. ಆ ಹೆಂಗಸರ ನಗು ನಮ್ಮ ತಲೆಯ ಮೇಲಿನ ಚಾವಣಿಯಿಂದ ಇಳಿದು ಬರುತ್ತದೆ. ನಾವು ನೆಲಮಾಳಿಗೆಯಲ್ಲಿ ಎಂಟು ಜನ, ಟ್ಯೂಬ್‌ಲೈಟಿನ ಕೆಳಗೆ ಕತ್ತು ಬಗ್ಗಿಸಿದರೆ ಬಗ್ಗಿಸಿದ್ದೇ. ನಾವು ಹಾಕಿದ ಮಂಚದ ಹೊದಿಕೆಗಳನ್ನು ಮೇಡಂ ಕ್ಲಾಸಿನ ಗೋಡೆಗೆ ನೇತು ಹಾಕಿ, ಬಿಡುವಿನಲ್ಲಿ ನಾನೇ ಹಾಕಿದ್ದು ಎಂದು ಹೇಳುತ್ತಾರೆ. ಹಾಗಾದರೆ ಅವರಿಗೆ ಎಷ್ಟು ಜನ್ಮದ ಬಿಡುವಿರಬೇಕೋ ನಾನರಿಯೆ. ಮುಂಬಾಗಿಲ ಮೆಟ್ಟಿಲು ಹತ್ತಲು ನಮಗೆ ಅಪ್ಪಣೆ ಇಲ್ಲ. ನಮ್ಮದು ಹಿಂದಿನ ಬಾಗಿಲು.

ಕ್ರೋಶಾ ಹಾಕುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಕೈ. ಬಲಗೈ ಕಡ್ಡಿ ಹಿಡಿಯುತ್ತದೆ, ಎಡಗೈ ಬೆರಳು ದಾರವನ್ನು ತಡೆದು ತಡೆದು ಬಿಡುತ್ತದೆ. ಆ ಬೆರಳು ಬಿಗಿ ಹಿಡಿದರೆ ಹೆಣಿಗೆ ಬಿಗಿ, ಸಡಿಲ ಬಿಟ್ಟರೆ ಸಡಿಲ. ನಮ್ಮ ಹೊದಿಕೆಗಳು ಚೌಕ ಚೌಕ ಜೋಡಿಸಿದವು. ಒಂದು ಚೌಕ ಸಡಿಲವಾದರೂ ಇಡೀ ಹೊದಿಕೆ ಅಲ್ಲಿ ಉಬ್ಬಿಕೊಳ್ಳುತ್ತದೆ. ಅತ್ತಿಗೆಯ ಕೈ ಎಲ್ಲರಿಗಿಂತ ಬಿಗಿ. ಅವಳ ಚೌಕವನ್ನು ಎದುರಿಗಿಟ್ಟುಕೊಂಡೇ ನಾವೆಲ್ಲ ಕೈ ಹೊಂದಿಸಿಕೊಂಡವರು. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಇವಳದು ಅದೇ ಬಿಗಿ ಕೈ ಎಂದು ಅವಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆವು.

ಆ ಕೈಯೇ ಈಗ ಕೈ ಕೊಟ್ಟಿತ್ತು. ಬೆರಳ ಮೇಲೆ ದಾರ ಹರಿಯುವುದು ಅವಳಿಗೆ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೇಡಂ ಹೊದಿಕೆಯೊಂದನ್ನು ಎಳೆದುಕೊಂಡು ಕೆಳಗಿಳಿದು ಬಂದರು. ಮುಖ ಕೆಂಪಾಗಿತ್ತು. ಕ್ಲಾಸಿನ ಹೆಂಗಸೊಬ್ಬಳು ಎಲ್ಲರೆದುರು, ಇದು ಯಾಕೆ ಇಲ್ಲಿ ಉಬ್ಬಿದೆ ಎಂದು ಕೇಳಿಬಿಟ್ಟಿದ್ದಳಂತೆ. ಹೊದಿಕೆ ಹರಡಿ, ಆ ಚೌಕದ ಮೇಲೆ ಬೆರಳಿಟ್ಟು, ಯಾರ ಕೈ ಇದು ಎಂದರು. ಚೌಕಗಳೆಲ್ಲ ಒಂದೇ ಬುಟ್ಟಿಗೆ ಬೀಳುವುದರಿಂದ ಯಾರದು ಯಾವುದು ಎಂದು ಅವರಿಗೆ ತಿಳಿಯುವಂತಿರಲಿಲ್ಲ. ನನಗೆ ತಿಳಿದಿತ್ತು. ಎಲ್ಲರೂ ಕಡ್ಡಿ ಆಡಿಸುತ್ತಲೇ ಇದ್ದೆವು. ಮೇಡಂ, ನಾಳೆ ಬೆಳಿಗ್ಗೆ ಒಬ್ಬೊಬ್ಬರೂ ನನ್ನ ಕಣ್ಣೆದುರಿಗೇ ಒಂದೊಂದು ಚೌಕ ಹಾಕಬೇಕು, ಸಡಿಲ ಕೈಯವಳು ಅಲ್ಲಿಂದಲೇ ಹೊರಗೆ ಎಂದು ಹೇಳಿ ಹೊದಿಕೆಯನ್ನು ನೆಲಕ್ಕೆ ಬಿಸಾಕಿ ಹೋದರು.

ಸಂಜೆ ಹಿತ್ತಲ ನಲ್ಲಿಯ ಹತ್ತಿರ ಎಲ್ಲರನ್ನೂ ತಡೆದು ನಿಲ್ಲಿಸಿದೆ. ಅತ್ತಿಗೆ ಬೇಡ ಬೇಡ ಎನ್ನುತ್ತಿದ್ದಳು. ನಾನು ಕೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ನಾಳೆ ಎಲ್ಲರೂ ಕೈ ಸಡಿಲ ಬಿಡಿ ಎಂದು ಬೇಡಿಕೊಂಡೆ. ಎಂಟೂ ಚೌಕ ಒಂದೇ ಥರ ಬಂದರೆ ಮೇಡಂ ಯಾರನ್ನು ಆರಿಸುತ್ತಾರೆ?

ನಾವು ಗಂಟಲು ಎಂದು ಕರೆಯುವವಳು ಎಗರಿ ಬಿದ್ದಳು. ಅವಳು ಮಾತಾಡಿದರೆ ಬೀದಿಯ ಕೊನೆಗೆ ಕೇಳಿಸುತ್ತದೆ.

“ನಿಮ್ಮ ರೂಮು ಉಳಿಸೋಕೆ ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೋಬೇಕಾ? ನಮಗೂ ಮಕ್ಕಳಿದಾರೆ.”

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ನಮ್ಮಲ್ಲೇ ಹಿರಿಯಳಾದ ಅಜ್ಜಿ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಗಂಟಲಿನ ಕೈಗಿಟ್ಟಳು.

“ಮುಚ್ಚಳ ತೆಗಿ. ಹಲ್ಲಲ್ಲಿ ಅಲ್ಲ, ಕೈಯಲ್ಲಿ.”

ಗಂಟಲು ಯಾವಾಗಲೂ ಬಾಟಲಿಯನ್ನು ಹಲ್ಲಿನಲ್ಲಿ ಕಚ್ಚಿ ತೆಗೆಯುತ್ತಿದ್ದಳು. ಅದು ಅವಳ ಗತ್ತು ಎಂದು ನಾವೆಲ್ಲ ನಗುತ್ತಿದ್ದೆವು. ಈಗ ಅವಳು ಮುಚ್ಚಳ ತಿರುಗಿಸಲು ಹೋದಳು. ಬೆರಳು ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಬಾಟಲಿಯನ್ನು ಎದೆಗೊತ್ತಿಕೊಂಡು ಅಲ್ಲೇ ಕುಸಿದು ಕೂತು ಅತ್ತಳು. ಅಷ್ಟು ದೊಡ್ಡ ಗಂಟಲಿನ ಅಳು ಪಕ್ಕದವರಿಗೂ ಕೇಳಿಸಲಿಲ್ಲ.

ಆಮೇಲೆ ಒಬ್ಬೊಬ್ಬರದೇ ಹೊರಬಿತ್ತು. ಒಬ್ಬಳಿಗೆ ಗುಂಡಿ ಹಾಕಲು ಮಗಳು ಬೇಕು. ಇನ್ನೊಬ್ಬಳು ಬಸ್ಸಿನಲ್ಲಿ ಕಂಬಿ ಹಿಡಿಯಲಾರದೆ ನಡೆದೇ ಬರುತ್ತಾಳೆ. ಅಜ್ಜಿ ಒಲೆಯಿಂದ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಾಳಂತೆ, ಸುಟ್ಟದ್ದು ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆ. ಪ್ರತಿಯೊಬ್ಬಳೂ ತನಗೊಬ್ಬಳಿಗೇ ಹೀಗೆ ಎಂದುಕೊಂಡು ಪಕ್ಕದವಳಿಂದ ಮುಚ್ಚಿಟ್ಟಿದ್ದಳು. ಇಷ್ಟು ದಿನ ಮೊಣಕೈಗೆ ಮೊಣಕೈ ತಾಗಿಸಿ ಕೂತವರು ನಾವು. ನನಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಯಾಕೆಂದರೆ ನನ್ನ ಹೆಬ್ಬೆರಳೂ ಬೆಳಿಗ್ಗೆ ಹೊತ್ತು ಸತ್ತಂತಿರುತ್ತದೆ.

ಮರುದಿನ ಮೇಡಂ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತರು. ನಾವು ಹಾಕಿದೆವು. ಮೇಜಿನ ಮೇಲಿಟ್ಟ ಅಷ್ಟೂ ಚೌಕಗಳು ಒದ್ದೆ ಕಾಗದದಂತೆ ಸಡಿಲ. ಮೇಡಂ ಒಂದೊಂದನ್ನೇ ಎತ್ತಿ ನೋಡಿದರು, ಮತ್ತೆ ನೋಡಿದರು. ಅವರು ದಡ್ಡರಲ್ಲ. ದನಿ ಇಳಿಸಿ, ಆ ಸಡಿಲ ಕೈ ಯಾರದು ಎಂದು ಹೇಳಿದವಳಿಗೆ ಹಿಂದಿನ ರೂಮು ಬಿಟ್ಟುಕೊಡುತ್ತೇನೆ ಎಂದರು. ಹೇಳುತ್ತಾ ನನ್ನ ಕಡೆಗೇ ನೋಡಿದರು. ನಾನು ಹೇಳಿದರೆ ಅಮ್ಮ ಅಲ್ಲೇ ಉಳಿಯುತ್ತಾಳೆ, ಅತ್ತಿಗೆ ಹೊರಗೆ. ಅಮ್ಮನ ಮುಖ ಕಣ್ಣ ಮುಂದೆ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ತಲೆ ತಗ್ಗಿಸಿ ಕೂತೆ.

ಅಷ್ಟರಲ್ಲಿ ಟಣ್ ಎಂದು ಕಡ್ಡಿ ನೆಲಕ್ಕೆ ಬಿತ್ತು. ಬಿದ್ದದ್ದು ಅತ್ತಿಗೆಯ ಕೈಯಿಂದ. ಎಲ್ಲರೂ ತಿರುಗಿ ನೋಡಿದೆವು. ಅವಳು ಯಾರದೋ ಕಡ್ಡಿ ಬಿತ್ತು ಎಂಬಂತೆ ಮೇಡಂ ಮುಖವನ್ನೇ ನೋಡುತ್ತಿದ್ದಳು. ಕೈ ಖಾಲಿಯಾದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಮೇಡಂ ಒಂದು ಮಾತೂ ಬೈಯಲಿಲ್ಲ. ಕಡ್ಡಿ ಎತ್ತಿ ಮೇಜಿನ ಮೇಲಿಟ್ಟು, ವಾಚ್‌ಮನ್‌ನನ್ನು ಕರೆದು ಹಿಂದಿನ ರೂಮು ಖಾಲಿ ಮಾಡಿಸು ಎಂದು ಹೇಳಿ ಮೇಲೆ ಹೋದರು. ಕ್ಲಾಸಿಗೆ ಹೊತ್ತಾಗಿತ್ತು.

ಅತ್ತಿಗೆಯನ್ನು ಎಬ್ಬಿಸಿಕೊಂಡು ನಾವು ಹಿತ್ತಲಿಗೆ ಓಡುವಷ್ಟರಲ್ಲಿ ತಡವಾಗಿತ್ತು. ವಾಚ್‌ಮನ್ ಆಗಲೇ ಪಾತ್ರೆ, ಟ್ರಂಕು, ಹಾಸಿಗೆ ಹೊರಗಿಟ್ಟಿದ್ದ. ಅಮ್ಮನನ್ನು ಹಾಸಿಗೆಯಿಂದ ಒಂದು ಕುರ್ಚಿಗೆ ಬದಲಿಸಿ, ಕುರ್ಚಿ ಸಮೇತ ಎತ್ತಿ ನಲ್ಲಿಯ ಪಕ್ಕ ಇಟ್ಟು ಬೀಗ ಹಾಕುತ್ತಿದ್ದ. ನನ್ನ ಮುಖ ನೋಡದೆ, ನಂದೂ ನೌಕರಿ ಕಣಮ್ಮ ಎಂದ. ಅಮ್ಮ ಚಳಿಗೆ ನಡುಗುತ್ತಿದ್ದಳು. ಅತ್ತಿಗೆ ಅವಳ ಕಾಲ ಹತ್ತಿರ ಕೂತು, ಎಲ್ಲಿಗೆ ಹೋಗಲಿ ಅತ್ತೆ, ಎಲ್ಲಿಗೆ ಹೋಗಲಿ ಎಂದು ಅದನ್ನೇ ಹೇಳುತ್ತಿದ್ದಳು.

ಗಂಟಲು ನೆಲಮಾಳಿಗೆಗೆ ಇಳಿದಳು. ಮೇಡಂ ಹಿಂದಿನ ದಿನ ನೆಲಕ್ಕೆ ಬಿಸಾಕಿದ್ದ ಆ ಹೊದಿಕೆಯನ್ನು ತಂದು ಅಮ್ಮನಿಗೆ ಹೊದಿಸಿದಳು. ಆಮೇಲೆ ಕುರ್ಚಿಯ ಒಂದು ಕಾಲಿಗೆ ತೋಳು ಕೊಟ್ಟಳು.

“ಬೆರಳು ನಂಬಬೇಡಿ. ತೋಳು ಕೊಡಿ, ತೋಳು,” ಅಂದಳು. “ಮೇಲೆ ಜಾಗ ಬೇಕಾದಷ್ಟಿದೆ.”

ಕುರ್ಚಿ ಹೊತ್ತು ಮುಂಬಾಗಿಲ ಮೆಟ್ಟಿಲು ಹತ್ತಿದೆವು. ಹೇಗೆ ಹತ್ತಿದೆವೋ ನೆನಪಿಲ್ಲ. ಬಾಗಿಲು ತಳ್ಳಿದಾಗ ಬಿಸಿ ಚಹಾದ ವಾಸನೆ ಬಂತು. ಹೆಂಗಸರ ಕೈಯಲ್ಲಿ ಅರ್ಧ ಹಾಕಿದ ಹೂವುಗಳಿದ್ದವು. ಯಾರು ಇವರೆಲ್ಲ ಎಂದು ಒಬ್ಬಳು ಕೇಳಿದಳು. ಕೆಳಗೆ ಕಸ ಗುಡಿಸುವವರು, ಯಾರಿಗೋ ಹುಷಾರಿಲ್ಲ, ಈಗ ಹೋಗುತ್ತಾರೆ ಎಂದು ಮೇಡಂ ನಕ್ಕರು.

ಮೇಡಂ ಎದುರು ಅತ್ತಿಗೆ ಎಂದೂ ದನಿ ಎತ್ತಿದವಳಲ್ಲ. ಅಮ್ಮನ ಮಡಿಲ ಮೇಲಿದ್ದ ಹೊದಿಕೆಯನ್ನು ಮಣಿಕಟ್ಟಿನಿಂದ ಸರಿಸಿ ಆ ಹೆಂಗಸರಿಗೆ ತೋರಿಸಿದಳು.

“ನೀವು ಕೇಳಿದ್ರಂತಲ್ಲ, ಈ ಉಬ್ಬಿರೋ ಚೌಕ. ಅದನ್ನ ಹಾಕಿದ್ದು ನಾನು. ಬೆರಳಿಗೆ ದಾರ ಗೊತ್ತಾಗಲ್ಲ ನಂಗೆ. ಈ ಕಡೆ ಚೆನ್ನಾಗಿರೋದೂ ನಾನೇ ಹಾಕಿದ್ದು, ಕೈ ಇದ್ದಾಗ.”

ಅದರ ಪಕ್ಕದ್ದು ತನ್ನದು ಎಂದಳು ಗಂಟಲು. ಕೆಳಗಿನ ಸಾಲು ಅಜ್ಜಿಯದು. ಅಂಚು ನಾನು ಹಾಕಿದ್ದು. ಒಬ್ಬೊಬ್ಬರೂ ಮುಂದೆ ಬಂದು ತಮ್ಮ ತಮ್ಮ ಚೌಕ ಮುಟ್ಟಿ ಹೇಳಿದೆವು. ಮೇಡಂಗೆ ಒಂದೂ ಉಳಿಯಲಿಲ್ಲ.

ಇಬ್ಬರು ಹೆಂಗಸರು ಚೀಲ ಎತ್ತಿಕೊಂಡು ಸದ್ದಿಲ್ಲದೆ ಹೊರಟುಹೋದರು. ಹೊದಿಕೆಯ ವಿಷಯ ಕೇಳಿದ್ದು ನಾನು ಎನ್ನುತ್ತಾ ಒಬ್ಬಳು ಸೋಫಾದಿಂದ ಎದ್ದು ನಿಂತಳು, ಏನು ಮಾಡಬೇಕೆಂದು ತಿಳಿಯದೆ. ನಾವು ಅಮ್ಮನನ್ನು ಅಲ್ಲಿ ಮಲಗಿಸಿದೆವು.

ಕೆಳಗಿಳಿಯದಿದ್ದರೆ ಪೊಲೀಸರನ್ನು ಕರೆಸುತ್ತೇನೆ ಎಂದು ಮೇಡಂ ಫೋನು ತೆಗೆದರು.

“ಕರೆಸಿ,” ಅಂದಳು ಅತ್ತಿಗೆ. “ಎಲ್ಲಿಗೆ ಇಳಿಬೇಕು ಅಂತ ಅವರೇ ಹೇಳಲಿ.”

ನಾವು ಎಂಟು ಜನ ಸೋಫಾದ ಸುತ್ತ ನೆಲದ ಮೇಲೆ ಕೂತೆವು.