ಮೇಲಿನ ಮನೆಯ ಬಾಡಿಗೆ

ಡಬರಿಯ ಮುಚ್ಚಳದ ಸಂದಿಯಿಂದ ಹಿತಕಿದ ಬೇಳೆ ಸಾರಿನ ಘಮ ಬರುತ್ತಿದೆ, ಬೆಳ್ಳುಳ್ಳಿ ಒಂದಿಷ್ಟು ಹೆಚ್ಚಾಯಿತೇನೋ, ಇರಲಿ, ಆ ಹುಡುಗಿ ಯಾವುದನ್ನೂ ಬೇಡ ಅನ್ನುವವಳಲ್ಲ — ಮುತ್ಯಾಲಮ್ಮ ಮೂರನೇ ಮೆಟ್ಟಿಲಲ್ಲಿ ನಿಂತು ಕೈ ಬದಲಿಸಿದಳು, ಬಾಡಿಗೆ ಜಾಸ್ತಿ ಮಾಡಿದ್ದೀನಿ ಅನ್ನಲು ಹೋಗುವವಳು ಸಾರು ಹೊತ್ತುಕೊಂಡು ಹೋಗುತ್ತಾಳೆಯೇ, ಆದರೆ ಬರಿಗೈಯಲ್ಲಿ ಹೋಗಿ ಅಂಥ ಮಾತು ಆಡುವುದಾದರೂ ಹೇಗೆ. ಒಂಬತ್ತು ಸಾವಿರ ಇದ್ದದ್ದು ಹದಿನೆಂಟು. ತಮ್ಮನ ಮಗ ಚಲಪತಿ, ಬೂದಿಗೆರೆಯ ಅರ್ಧ ಮನೆಗಳಿಗೆ ಬಾಡಿಗೆದಾರರನ್ನು ಹುಡುಕಿಕೊಡುವವನು, ಬೆಳಿಗ್ಗೆ ಕಾಫಿ ಕುಡಿಯುತ್ತಾ ತಲೆಗೆ ಹತ್ತಿಸಿ ಹೋಗಿದ್ದಾನೆ, ಅತ್ತೆ, ಅವ್ಳಿಗೆ ದುಡ್ಡು ಬರೋದು ಡೆನ್ಮಾರ್ಕ್‌ನಿಂದ, ಅಲ್ಲಿ ಒಂದು ರೂಮಿಗೇ ಅರವತ್ತೈದು ಸಾವಿರ ಕೊಡ್ತಿದ್ದೋಳು, ಹದಿನೆಂಟು ಯಾವ ಲೆಕ್ಕ. ಅವನು ಹೇಳುವುದೂ ನಿಜ, ಟ್ಯಾಂಕರ್ ನೀರಿನವನು ಏರಿಸಿಕೊಂಡು ಕೂತಿದ್ದಾನೆ, ಎದುರಿಗೆ ಅಪಾರ್ಟ್‌ಮೆಂಟು ಎದ್ದ ಮೇಲೆ ಬೀದಿಯವರೆಲ್ಲಾ ಏರಿಸಿದ್ದಾರೆ, ನಾನೊಬ್ಬಳೇ ಯಾಕೆ ಬೆಪ್ಪಳ ಹಾಗೆ ಇರಬೇಕು. ಆದರೂ ಅರವತ್ತೈದು ಸಾವಿರಕ್ಕೆ ಆ ಊರಲ್ಲಿ ಏನು ಕೊಡುತ್ತಾರೆ — ಹುಡುಗಿ ಬಾಡಿಗೆಗೆ ಬಂದ ಆರು ತಿಂಗಳಿಂದ ಮುತ್ಯಾಲಮ್ಮನ ತಲೆ ಕೊರೆಯುತ್ತಿರುವುದು ಇದೇ. ಹುಡುಗಿ, ಯಶಸ್ವಿನಿ, ಡೆನ್ಮಾರ್ಕಿನ ಕೋಪನ್‌ಹೇಗನ್ ಎಂಬ ಊರಲ್ಲಿ ನಾಲ್ಕು ವರ್ಷ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದವಳು, ಸಂಬಳವಿಲ್ಲ, ಚಿತ್ರಕ್ಕಿಷ್ಟು ಅಂತ ದುಡ್ಡು, ಖರ್ಚು ತಾಳಲಾರದೆ ವಾಪಸು ಬಂದು ಈಗ ಈ ಮೇಲಿನ ಮನೆಯಲ್ಲಿ ಕೂತು ಅಲ್ಲಿನ ಪುಸ್ತಕದ ಕಂಪನಿಯವರಿಗೇ ಬರೆದು ಕಳಿಸುತ್ತಾಳೆ. ಅಲ್ಲಿ ಅವಳದು ಒಂದೇ ರೂಮು, ಅಡುಗೆಮನೆ ಇನ್ನೂ ಮೂವರ ಜೊತೆ, ಉಪ್ಪು ಎಣ್ಣೆಗೆ ಜಗಳ ಆಗಲ್ವೇನಮ್ಮಾ ಎಂದು ಕೇಳಿದರೆ ಉಪ್ಪಿನ ಡಬ್ಬಿಗೂ ಹೆಸ್ರು ಬರೆದಿಡ್ತೀವಿ ಅಂದಿದ್ದಳು. ಕೂದಲು ಕತ್ತರಿಸಲು ಆರು ಸಾವಿರ, ಅದಕ್ಕೇ ಕನ್ನಡಿ ಮುಂದೆ ನಿಂತು ತಾನೇ ಕತ್ತರಿಸಿಕೊಂಡಳಂತೆ, ಹಿಂದುಗಡೆಗೆ ಕೈ ಎಟುಕಿದ್ದು ಹೇಗೋ, ಒಂದು ಲೋಟ ಕಾಫಿಗೆ ಆರುನೂರು, ಅಷ್ಟು ಕೊಟ್ಟ ಮೇಲೆ ಸಕ್ಕರೆಯನ್ನಾದರೂ ಅವರೇ ಹಾಕಿರುತ್ತಾರೋ ಇಲ್ಲವೋ ಕೇಳುವುದು ಮರೆತೇ ಹೋಗಿದೆ. ನೀರಿಗೆ, ಕರೆಂಟಿಗೆ ಮೀಟರು ಸರಿ, ಮನೆ ಬೆಚ್ಚಗಿಡಲೂ ಮೀಟರಂತೆ, ಅದು ಓಡಬಾರದೆಂದು ಹಗಲೆಲ್ಲಾ ಲೈಬ್ರರಿಯಲ್ಲಿ ಕೂತು ಬರೆದು, ಸಂಜೆ ಬೇಕರಿಯವರು ಮಿಕ್ಕ ಬ್ರೆಡ್ಡನ್ನು ಕಡಿಮೆಗೆ ಮಾರುವ ಹೊತ್ತಿಗೆ ಏಳುತ್ತಿದ್ದಳಂತೆ — ಇದೊಳ್ಳೆ ಫಜೀತಿ, ಬಾಡಿಗೆ ಕೇಳಲು ಹೋಗುವಾಗಲೇ ಇದೆಲ್ಲಾ ನೆನಪಾಗಬೇಕೇ, ಹದಿನೆಂಟು ಅಂದರೆ ಹದಿನಾರಕ್ಕಾದರೂ ನಿಲ್ಲುತ್ತದೆ, ಮೊದಲು ಹದಿನೆಂಟೇ ಅನ್ನಬೇಕು.

ಬಾಗಿಲು ತೆರೆದೇ ಇದೆ, ಹುಡುಗಿ ಚಾಪೆಯ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಳೆ, ಕಣ್ಣು ಕೆಂಪಗಿದೆ, ಅಮ್ಮಾ, ನಾನೇ ಕೆಳಗೆ ಬರೋಳಿದ್ದೆ ಎಂದು ಎದ್ದು ಡಬರಿ ಇಸಿದುಕೊಂಡು ಒಂದು ಹಾಳೆ ಕೈಗಿಟ್ಟಳು, ಮುತ್ಯಾಲಮ್ಮ ಓದುತ್ತಾಳೆ, ಮೇಲಿನ ಮನೆಯನ್ನು ಯಶಸ್ವಿನಿ ಎಂಬುವವರಿಗೆ ಬಾಡಿಗೆಗೆ ಕೊಟ್ಟಿರುತ್ತೇನೆ, ತಿಂಗಳ ಬಾಡಿಗೆ ರೂಪಾಯಿ — ಆಮೇಲೆ ಬೆರಳಗಲ ಬಿಳಿ ಜಾಗ — ಮಾತ್ರ. ಪುಸ್ತಕದ ಕಂಪನಿಯವರು ಬೆಳಿಗ್ಗೆ ಬರೆದಿದ್ದಾರಂತೆ, ನೀನು ಈಗ ಹಳ್ಳಿಯಲ್ಲಿದ್ದೀಯ, ನಿನ್ನ ಖರ್ಚು ಕಡಿಮೆ, ಬರುವ ತಿಂಗಳಿಂದ ಚಿತ್ರಕ್ಕೆ ಅರ್ಧ ದುಡ್ಡು, ಖರ್ಚು ಕಡಿಮೆ ಅಲ್ಲ ಅನ್ನುವುದಾದರೆ ಬಾಡಿಗೆ ಎಷ್ಟು ಅಂತ ಮನೆಯೊಡತಿಯಿಂದ ಕಾಗದ ಬರೆಸಿ ಕಳಿಸು. ಅರ್ಧ ಆದ್ರೆ ನಂಗೆ ಆಗಲ್ಲಮ್ಮಾ, ವಾಪಸ್ ಅಲ್ಲಿಗೇ ಹೋಗ್ಬೇಕು, ಅಲ್ಲಿದ್ರೆ ಪೂರ್ತಿ ಕೊಡ್ತಾರೆ. ಮತ್ತೆ ಆ ರೂಮು, ಮತ್ತೆ ಮಿಕ್ಕ ಬ್ರೆಡ್ಡು — ಮುತ್ಯಾಲಮ್ಮನಿಗೆ ಥಟ್ಟನೆ ಹೊಳೆಯಿತು, ಹದಿನೆಂಟು ಅಂತ ಬರೆದುಬಿಟ್ಟರೆ, ಕಾಗದದಲ್ಲಿ ಹದಿನೆಂಟು, ಕೈಗೆ ಒಂಬತ್ತು, ಬಾಯಿಬಿಟ್ಟು ಅಂದೂಬಿಟ್ಟಳು, ಹುಡುಗಿ ತಲೆಯಾಡಿಸಿದಳು, ಸುಳ್ಳು ಬೇಡಮ್ಮಾ, ಕೊಡೋದೇ ಬರೀರಿ. ಸರಿ, ಪೆನ್ನು ಕೈಯಲ್ಲಿದೆ, ಬಿಳಿ ಜಾಗ ಕಾಯುತ್ತಿದೆ, ಆದರೆ ಒಂದು ಮಾತು ತಿಳಿಯದೆ ಹೇಗೆ ಬರೆಯುವುದು, ಕೇಳಿಯೇಬಿಟ್ಟಳು.

ಅಲ್ಲ ಕಣಮ್ಮಾ, ನೀನು ಅಲ್ಲಿದ್ದಾಗ ಬಾಡಿಗೆ ಏರಿಸ್ದಾಗೆಲ್ಲಾ ಇವ್ರು ಕಾಗದ ಕೇಳಿ ದುಡ್ಡು ಜಾಸ್ತಿ ಮಾಡಿದ್ರಾ?

ಹುಡುಗಿ ಡಬರಿಯನ್ನು ಚಾಪೆಯ ಪಕ್ಕಕ್ಕಿಟ್ಟಳು. ಇಲ್ಲಮ್ಮಾ, ಒಂದ್ಸಲಾನೂ ಇಲ್ಲ. ನೋಡಿದೆಯಾ ಮತ್ತೆ, ಖರ್ಚು ಏರಿದರೆ ನಿನ್ನ ಹಣೆಬರಹ, ಇಳಿದರೆ ಅವರ ಲಾಭ, ಎಲ್ಲಿಯ ನ್ಯಾಯ ಇದು, ಅದನ್ನೇ ಬರೆದು ಕೇಳು ಅವರನ್ನ, ಬಿಡಬೇಡ — ಎಂದು ಮನಸ್ಸಿನಲ್ಲೇ ಸೆರಗು ಬಿಗಿದು ಜಗಳಕ್ಕೆ ನಿಂತ ಮುತ್ಯಾಲಮ್ಮ ಅಲ್ಲೇ ತಡವರಿಸಿದಳು, ಇವಳ ದುಡ್ಡು ದೊಡ್ಡದು ಅಂತ ತಾನೇ ನಾನೂ ಹದಿನೆಂಟು ಎಂದು ಮೆಟ್ಟಿಲು ಹತ್ತಿದ್ದು, ನಾಳೆ ಇವಳ ದುಡ್ಡು ಅರ್ಧವಾದರೆ ನಾನು ನಾಲ್ಕೂವರೆ ತಗೊಳ್ಳುತ್ತೇನೆಯೇ, ತಗೊಳ್ಳುತ್ತೇನೆಯೇ, ಮನಸ್ಸು ಇಲ್ಲ ಅನ್ನುತ್ತಿದೆ, ಎಷ್ಟು ಬೇಗ ಅನ್ನುತ್ತಿದೆ, ಟ್ಯಾಂಕರ್ ನೀರು, ಬೀದಿಯವರೆಲ್ಲಾ, ಚಲಪತಿ, ಬಿಳಿ ಜಾಗ, ಹುಡುಗಿ ಡಬರಿಯ ಮುಚ್ಚಳ ತೆಗೆದು ಮೂಸಿ ನೋಡಿ ಈಗ ನಗುತ್ತಿದ್ದಾಳೆ, ಅಮ್ಮಾ, ನೀವೇನೋ ಹೇಳೋಕೆ ಬಂದಿದ್ರಲ್ಲಾ, ಏನು — ಪೆನ್ನಿನ ಮೊನೆ ಹಾಳೆಗೆ ತಾಗಿ ನಿಂತಿದೆ, ರೂಪಾಯಿ, ಬೆರಳಗಲ ಬಿಳಿ ಜಾಗ, ಮಾತ್ರ.